ಒಂದೇ ಬಸಿರು, ಅವಳಿಗಳಲ್ಲಿ ಒಬ್ಬನಿಗೆ ಮಾತ್ರ ಆಟಿಸಂ ಯಾಕೆ?

ಪ್ರಶ್ನೆ: ನಮ್ಮ ಅವಳಿ ಗಂಡುಮಕ್ಕಳಿಗೆ ಈಗ ಮೂರೂವರೆ ವರ್ಷ. ಐವಿಎಫ್‌ನಿಂದ (ಪ್ರನಾಳ ಶಿಶು ಚಿಕಿತ್ಸೆ) ಆದ ಬಸಿರು. 35 ವಾರಕ್ಕೆ ಸಿಸೇರಿಯನ್ ಆಯಿತು. ದೊಡ್ಡವನು 2.3 ಕೆ.ಜಿ., ಚಿಕ್ಕವನು 1.8 ಕೆ.ಜಿ. ಹೋದ ತಿಂಗಳು ಚಿಕ್ಕವನಿಗೆ ಆಟಿಸಂ ಇದೆ ಎಂದರು. ಅವನಿಗೆ ಇನ್ನೂ ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ. ದೊಡ್ಡವನು ಚೆನ್ನಾಗಿ ಮಾತಾಡುತ್ತಾನೆ. ಆದರೆ ಬೇರೆ ಮಕ್ಕಳ ಜೊತೆ ಬೆರೆಯುವುದು ಕಡಿಮೆ, ಆಟದ ಕಾರುಗಳನ್ನು ಸಾಲಾಗಿ ಜೋಡಿಸುತ್ತಲೇ ಇರುತ್ತಾನೆ. ನೋಡಲು ಇಬ್ಬರೂ ಒಂದೇ ಥರ. ಎರಡು ಮಾಸು (ಪ್ಲಾಸೆಂಟಾ) ಇದ್ದವು, ಹಾಗಾಗಿ ತದ್ರೂಪಿ ಅವಳಿಗಳಲ್ಲ ಎಂದು ಹೆರಿಗೆಯ ಸಮಯದಲ್ಲಿ ಹೇಳಿದ್ದರು. ಎರಡನೇ ತಿಂಗಳಲ್ಲಿ ನನಗೆ ಮೂರು ದಿನ ಜೋರು ಜ್ವರ ಬಂದಿತ್ತು, ಪ್ಯಾರಾಸಿಟಮಾಲ್ ತಗೊಂಡಿದ್ದೆ. ಮನೆ ಮುಂದೆಯೇ ದೊಡ್ಡ ರಸ್ತೆ. ಒಂದೇ ಹೊಟ್ಟೆ, ಒಂದೇ ಊಟ, ಒಂದೇ ಗಾಳಿ. ಒಬ್ಬನಿಗೆ ಮಾತ್ರ ಯಾಕೆ ಹೀಗಾಯಿತು? ನನ್ನಿಂದ ಏನಾದರೂ ತಪ್ಪಾಯಿತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ. ನೀವು ಬರೆದಿರುವುದರಲ್ಲಿ ತಪ್ಪು ಎನ್ನುವಂಥದ್ದು ಒಂದೂ ಇಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಅದಕ್ಕೆ ಆಧಾರ ನಿಮ್ಮ ಪತ್ರದಲ್ಲೇ ಇದೆ. ನಿಮಗೆ ಜ್ವರ ಬಂದಾಗ ಇಬ್ಬರೂ ಹೊಟ್ಟೆಯಲ್ಲಿದ್ದರು. ಮಾತ್ರೆ ತಗೊಂಡಾಗಲೂ ಇಬ್ಬರೂ ಇದ್ದರು. ರಸ್ತೆಯ ಹೊಗೆಯೂ ಇಬ್ಬರ ಪಾಲಿಗೂ ಬಂತು. ಇಬ್ಬರಿಗೂ ಸಿಕ್ಕಿದ್ದನ್ನು ಹಿಡಿದುಕೊಂಡು ಒಬ್ಬನಿಗೇ ಯಾಕೆ ಎಂದು ಹೇಳಲು ಬರುವುದಿಲ್ಲ, ಅಲ್ವಾ?

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಈ ಬಸಿರಿನಲ್ಲಿ ಆಟಿಸಂ ಯಾಕೆ ಬಂತು ಎನ್ನುವುದು ಒಂದು. ಇಬ್ಬರಲ್ಲಿ ಚಿಕ್ಕವನಿಗೇ ಯಾಕೆ ಎನ್ನುವುದು ಇನ್ನೊಂದು. ಫೋನಿನಿಂದ ಫೋನಿಗೆ ಓಡಾಡುವ ಕಾರಣಗಳ ಪಟ್ಟಿಗಳಿವೆಯಲ್ಲ, ಅವೆಲ್ಲ ಹೆಚ್ಚಾಗಿ ಮೊದಲ ಪ್ರಶ್ನೆಗೆ ಸೇರಿದವು. ನಿಮ್ಮನ್ನು ಒಳಗೊಳಗೇ ಕೊರೆಯುತ್ತಿರುವುದು ಎರಡನೆಯದು. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ತಾಯಂದಿರು ಸುಮ್ಮನೆ ತಮ್ಮನ್ನು ತಾವೇ ಬೈದುಕೊಳ್ಳುವುದು.

ಅದಕ್ಕೂ ಮುಂಚೆ ಆ ಎರಡು ಮಾಸಿನ ವಿಷಯ ನೋಡೋಣ. ಎರಡು ಮಾಸು ಇದ್ದರೆ ತದ್ರೂಪಿ ಅಲ್ಲ ಎನ್ನುವ ಮಾತು ಬಹಳ ಕಡೆ ಕೇಳಿಬರುತ್ತದೆ. ಅದು ಸರಿಯಲ್ಲ. ಒಂದೇ ಭ್ರೂಣ ಮೊದಲ ಮೂರು ದಿನಗಳ ಒಳಗೆ ಎರಡಾದರೆ, ಎರಡೂ ತಮ್ಮ ತಮ್ಮ ಮಾಸನ್ನು ಬೇರೆಬೇರೆಯಾಗಿ ಬೆಳೆಸಿಕೊಳ್ಳುತ್ತವೆ. ನಾಲ್ಕರಿಂದ ಎಂಟನೇ ದಿನದ ನಡುವೆ ಎರಡಾದರೆ ಮಾಸು ಒಂದೇ, ನೀರಿನ ಚೀಲ ಮಾತ್ರ ಬೇರೆ. ತದ್ರೂಪಿ ಅವಳಿಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜೋಡಿಗಳಿಗೆ ಮಾಸು ಬೇರೆಬೇರೆಯೇ ಇರುತ್ತದೆ. ಉಲ್ಟಾ ಕೂಡ ಆಗುತ್ತದೆ: ತದ್ರೂಪಿ ಅಲ್ಲದ ಅವಳಿಗಳ ಎರಡು ಮಾಸು ಪಕ್ಕಪಕ್ಕ ಬೆಳೆದು ಅಂಟಿಕೊಂಡು, ನೋಡಿದವರಿಗೆ ಒಂದೇ ಅನ್ನಿಸುತ್ತದೆ.

ನಿಮ್ಮ ಹತ್ತಿರ ಇನ್ನೊಂದು ಸುಳಿವಿದೆ. ಐವಿಎಫ್ ದಾಖಲೆಯಲ್ಲಿ ಎಷ್ಟು ಭ್ರೂಣ ಒಳಗಿಟ್ಟರು ಎಂದು ಬರೆದಿರುತ್ತದೆ. ಒಂದೇ ಇಟ್ಟು ಎರಡು ಮಕ್ಕಳಾಗಿದ್ದರೆ, ಅವರು ತದ್ರೂಪಿಗಳು ಎಂದು ಹೆಚ್ಚುಕಡಿಮೆ ಖಾತ್ರಿ. ಎರಡು ಇಟ್ಟಿದ್ದರೆ ಆಗಲೂ ಅನುಮಾನ ಉಳಿಯುತ್ತದೆ. ಅದನ್ನು ಬಗೆಹರಿಸಲು ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆಯುವ ಡಿಎನ್‌ಎ ಪರೀಕ್ಷೆ ಸಾಕು. ಇದನ್ನು ಬರೀ ಕುತೂಹಲಕ್ಕೆ ಹೇಳುತ್ತಿಲ್ಲ. ದೊಡ್ಡವನ ವಿಷಯದಲ್ಲಿ ನಾವು ಎಷ್ಟು ಎಚ್ಚರ ವಹಿಸಬೇಕು ಎನ್ನುವುದು ಇದರ ಮೇಲೆ ನಿಂತಿದೆ.

ಯಾಕೆ ಅಂತ ತಿಳಿಯಬೇಕಾದರೆ ಅವಳಿಗಳ ಅಧ್ಯಯನಗಳನ್ನು ಸ್ವಲ್ಪ ನೋಡಬೇಕು. ಆಟಿಸಂ ಬಗ್ಗೆ ಅಂಥ ಮೊದಲ ವ್ಯವಸ್ಥಿತ ಅಧ್ಯಯನ 1977ರದ್ದು, ಲಂಡನ್ನಿನಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಮಾಡಿದ್ದು. ಸಿಕ್ಕಿದ್ದು 21 ಜೋಡಿ ಮಾತ್ರ. ತದ್ರೂಪಿಗಳ 11 ಜೋಡಿಯಲ್ಲಿ 4 ಕಡೆ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿ ಅಲ್ಲದ 10 ಜೋಡಿಯಲ್ಲಿ ಒಂದು ಕಡೆಯೂ ಇಬ್ಬರಿಗೂ ಇರಲಿಲ್ಲ. ತಾಯಿ ಮಗುವನ್ನು ಪ್ರೀತಿಯಿಂದ ಹತ್ತಿರ ಸೇರಿಸದಿದ್ದರೆ ಆಟಿಸಂ ಬರುತ್ತದೆ ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲ ಅದು. ಆ ಕ್ರೂರ ಕಥೆಗೆ ಬಲವಾದ ಪೆಟ್ಟು ಕೊಟ್ಟಿದ್ದು ಈ ಪುಟ್ಟ ಅಧ್ಯಯನ.

ಅದರಲ್ಲಿ ಜನ ಅಷ್ಟಾಗಿ ನೆನೆಸಿಕೊಳ್ಳದ ಎರಡು ವಿಷಯಗಳಿವೆ. ಎರಡೂ ನಿಮಗೆ ಬೇಕಾದವೇ. ಮೊದಲನೆಯದು, ಪೂರ್ತಿ ಆಟಿಸಂ ಒಂದನ್ನೇ ನೋಡದೆ ಮಾತು, ಕಲಿಕೆಯಂಥ ತೊಂದರೆಗಳನ್ನೂ ಸೇರಿಸಿದಾಗ, ತದ್ರೂಪಿಗಳ 11 ಜೋಡಿಯಲ್ಲಿ 9 ಕಡೆ ಇಬ್ಬರಿಗೂ ಏನಾದರೊಂದು ತೊಂದರೆ ಇತ್ತು. ಎರಡನೆಯದು, ಒಬ್ಬರಿಗೆ ಮಾತ್ರ ಆಟಿಸಂ ಇದ್ದ 17 ಜೋಡಿಗಳಲ್ಲಿ 12 ಕಡೆ, ಆಟಿಸಂ ಇದ್ದ ಮಗುವಿಗೆ ಹುಟ್ಟುವ ಹೊತ್ತಿಗೋ ಆಮೇಲೋ ಮಿದುಳಿಗೆ ಪೆಟ್ಟಾಗಬಹುದಾದ ಯಾವುದೋ ತೊಂದರೆ ಆಗಿತ್ತು. ಹಾಗಾದರೆ ಹೆರಿಗೆಯ ತೊಂದರೆಯಿಂದಲೇ ಆಟಿಸಂ ಬಂತಾ? ಮುಂದಿನ ಸಂಶೋಧಕರು ಇದನ್ನು ತಿರುಗಿಸಿಯೂ ನೋಡಿದರು. ಮೊದಲೇ ಬೇರೆ ರೀತಿ ಬೆಳೆಯುತ್ತಿದ್ದ ಮಗುವಿಗೆ ಹುಟ್ಟುವಾಗ ತೊಂದರೆ ಜಾಸ್ತಿ ಆಗಿರಬಹುದು. ಯಾವುದು ಮುಂಚೆ ಎನ್ನುವ ಈ ಗಂಟು ಇವತ್ತಿಗೂ ಪೂರ್ತಿ ಬಿಡಿಸಿಕೊಂಡಿಲ್ಲ.

1995ರಲ್ಲಿ ಬ್ರಿಟನ್ನಿನಲ್ಲೇ ಇನ್ನಷ್ಟು ದೊಡ್ಡದಾಗಿ ನೋಡಿದಾಗ, ತದ್ರೂಪಿ ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇದ್ದದ್ದು ಶೇ. 60. ಸೌಮ್ಯ ಲಕ್ಷಣಗಳನ್ನೂ ಸೇರಿಸಿದರೆ ಶೇ. 92. ಈಚೆಗೆ, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 366 ತದ್ರೂಪಿ ಜೋಡಿಗಳನ್ನು ನೋಡಿದರು. ಒಬ್ಬರಿಗೆ ಆಟಿಸಂ ಇದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ ಶೇ. 96 ಎಂದು ಬಂತು. 1977ರ 11ರಲ್ಲಿ 4 ಎಲ್ಲಿ, ಈ 96 ಎಲ್ಲಿ! ಮಕ್ಕಳು ಬದಲಾಗಿಲ್ಲ, ಆಟಿಸಂ ಎಂದು ಗುರುತಿಸುವ ಗೆರೆ ಅಗಲವಾಗಿದೆ. ಆ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ್ದು 96 ಅಲ್ಲ. ಇಬ್ಬರಿಗೂ ಆಟಿಸಂ ಇದ್ದರೂ ಅದರ ತೀವ್ರತೆ ಅಣ್ಣ ತಮ್ಮಂದಿರಲ್ಲಿ ಬಹಳ ಬೇರೆಬೇರೆ ಇತ್ತು. ಒಬ್ಬ ಸರಾಗವಾಗಿ ಮಾತಾಡುತ್ತಿದ್ದರೆ ಇನ್ನೊಬ್ಬನಿಗೆ ಮಾತೇ ಕಷ್ಟ, ಹೀಗೂ ಆಗಬಹುದು. ಜೀನ್ ಒಂದೇ ಆದರೂ.

ದೊಡ್ಡವನ ಬಗ್ಗೆ ನೀವು ಬರೆದ ಆ ಎರಡು ಸಾಲು ಓದಿದಾಗ ನನಗೆ ಇದೇ ನೆನಪಾಯಿತು. ನಿಮ್ಮ ಮಕ್ಕಳು ತದ್ರೂಪಿಗಳಾಗಿದ್ದರೆ, ಒಬ್ಬನಿಗೆ ಇದೆ, ಇನ್ನೊಬ್ಬನಿಗೆ ಇಲ್ಲ ಎನ್ನುವ ಲೆಕ್ಕವೇ ತಪ್ಪಾಗಿರಬಹುದು. ಒಬ್ಬನಿಗೆ ಎದ್ದು ಕಾಣುತ್ತಿದೆ, ಇನ್ನೊಬ್ಬನಿಗೆ ಮಾತಿನ ಮರೆಯಲ್ಲಿದೆ ಎನ್ನುವುದು ಸರಿಯಿರಬಹುದು. ಹೆದರಬೇಡಿ. ಕಾರು ಸಾಲಾಗಿ ಜೋಡಿಸುವ ಎಲ್ಲ ಮಕ್ಕಳಿಗೂ ಆಟಿಸಂ ಇರುವುದಿಲ್ಲ. ಆದರೆ ನೋಡಿಸದೆ ಬಿಡಬೇಡಿ.

ಈಗ ವಾತಾವರಣದ ವಿಷಯ. 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 192 ಅವಳಿ ಜೋಡಿಗಳ ಅಧ್ಯಯನ ಬಂತು. ಗಂಡು ತದ್ರೂಪಿಗಳಲ್ಲಿ ಇಬ್ಬರಿಗೂ ಆಟಿಸಂ ಸಮೂಹದ ತೊಂದರೆ ಇದ್ದದ್ದು ಶೇ. 77, ತದ್ರೂಪಿ ಅಲ್ಲದವರಲ್ಲಿ ಶೇ. 31. ಈ 31 ಎಲ್ಲರ ಹುಬ್ಬೇರಿಸಿತು. ತದ್ರೂಪಿ ಅಲ್ಲದ ಅವಳಿಗಳು ಜೀನ್ ಲೆಕ್ಕದಲ್ಲಿ ಸಾಮಾನ್ಯ ಅಣ್ಣತಮ್ಮಂದಿರಷ್ಟೇ. ಒಂದು ಮಗುವಿಗೆ ಆಟಿಸಂ ಇದ್ದರೆ ಮುಂದೆ ಹುಟ್ಟುವ ತಮ್ಮ ತಂಗಿಗೆ ಬರುವ ಸಾಧ್ಯತೆ ಸುಮಾರು ಶೇ. 20. ಅವಳಿಗಳಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ, ಆ ಹೆಚ್ಚಿನ ಪಾಲು ಒಂದೇ ಬಸಿರನ್ನು ಹಂಚಿಕೊಂಡದ್ದರಿಂದ ಬಂದಿರಬೇಕು ಎಂದು ಅವರು ಲೆಕ್ಕ ಹಾಕಿದರು. ಜೀನ್ ಪಾಲು ಶೇ. 38, ಇಬ್ಬರಿಗೂ ಸಮಾನವಾಗಿದ್ದ ವಾತಾವರಣದ ಪಾಲು ಶೇ. 58. ಆಟಿಸಂಗೆ ಅರ್ಧಕ್ಕಿಂತ ಜಾಸ್ತಿ ವಾತಾವರಣವೇ ಕಾರಣ ಎಂದು ಸುದ್ದಿಯಾಯಿತು.

ಆ 58ರ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ. ಅದೇ ವರದಿಯಲ್ಲಿ ಅದರ ಅಂದಾಜಿನ ಹರವು 30ರಿಂದ 80ರವರೆಗೆ ಇತ್ತು. ಜೀನ್ ಪಾಲಿನ ಹರವು 14ರಿಂದ 67. ಇಷ್ಟು ಅಗಲವಾದ ಅಂದಾಜಿನ ನಡುವಿನ ಒಂದು ಅಂಕಿಯನ್ನು ಹೆಕ್ಕಿ ತಲೆಬರಹ ಮಾಡಿದರೆ ಹೇಗೆ? ಇನ್ನೊಂದು ತೊಡಕೂ ಇದೆ. ಇಬ್ಬರು ಮಕ್ಕಳಿಗೂ ತೊಂದರೆ ಇರುವ ಮನೆಯವರು ಇಂಥ ಅಧ್ಯಯನಕ್ಕೆ ಸೇರುವುದು ಜಾಸ್ತಿ. ಹಾಗಾದಾಗ ತದ್ರೂಪಿ ಅಲ್ಲದವರ ಅಂಕಿ ಮೇಲೇರುತ್ತದೆ, ವಾತಾವರಣದ ಪಾಲು ಉಬ್ಬುತ್ತದೆ. 2016ರಲ್ಲಿ ಹಲವು ಅವಳಿ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ ಜೀನ್ ಪಾಲು ಶೇ. 64ರಿಂದ 91 ಎಂದು ಬಂತು. 2019ರಲ್ಲಿ ಡೆನ್ಮಾರ್ಕ್, ಫಿನ್ಲೆಂಡ್, ಸ್ವೀಡನ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಸುಮಾರು 20 ಲಕ್ಷ ಮಕ್ಕಳ ದಾಖಲೆ ನೋಡಿದವರಿಗೂ ಸುಮಾರು ಶೇ. 80 ಬಂತು.

ಹಾಗಂತ ನಿಮ್ಮ ಮಗನ ಆಟಿಸಂನಲ್ಲಿ ಶೇ. 80 ಜೀನ್, ಶೇ. 20 ವಾತಾವರಣ ಎಂದು ಪಾಲು ಮಾಡಬೇಡಿ. ಈ ಲೆಕ್ಕ ಒಂದು ಮಗುವಿನದ್ದಲ್ಲ. ಇಡೀ ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನ್ ವ್ಯತ್ಯಾಸದ ಜೊತೆ ಹೋಗುತ್ತದೆ ಎನ್ನುವ ಲೆಕ್ಕ. ಒಂದು ಜೀನ್ ಇದ್ದು, ಅದರ ಜೊತೆ ಇನ್ನೊಂದು ಪೆಟ್ಟು ಬಿದ್ದಾಗ ಮಾತ್ರ ತೊಂದರೆ ಆಗುವಂತಿದ್ದರೆ, ಆ ಪೆಟ್ಟು ಇಬ್ಬರು ಅವಳಿಗಳಿಗೂ ಬಿದ್ದಿದ್ದರೆ, ಈ ಲೆಕ್ಕದಲ್ಲಿ ಅದೂ ಜೀನ್ ಖಾತೆಗೇ ಜಮೆಯಾಗುತ್ತದೆ.

ಇನ್ನು ಇಬ್ಬರ ನಡುವಿನ ವ್ಯತ್ಯಾಸ. ಸಂಶೋಧಕರ ಲೆಕ್ಕದಲ್ಲಿ ಇದಕ್ಕೆ ಜೀನ್, ಸಮಾನ ವಾತಾವರಣ ಎರಡನ್ನೂ ಬಿಟ್ಟು ಇನ್ನೊಂದು ಪಾಲು ಇದೆ, ಅದನ್ನು ಅವಳಿಗಳು ಹಂಚಿಕೊಳ್ಳದ ವಾತಾವರಣ ಎಂದು ಕರೆಯುತ್ತಾರೆ. ಅದೊಂದು ಮನೆಯ ಅಟ್ಟ ಇದ್ದ ಹಾಗೆ. ಎಲ್ಲಿಡಬೇಕು ಎಂದು ಗೊತ್ತಾಗದ್ದನ್ನೆಲ್ಲ ಅಲ್ಲಿಗೆ ಸಾಗಿಸಿರುತ್ತಾರೆ. ಹೊಗೆ, ಸೋಂಕು, ಔಷಧಿ ಅಲ್ಲಿರಬಹುದು ನಿಜ. ಆದರೆ ಮಾಸಿನ ಏರುಪೇರು, ಎರಡಾದ ಮೇಲೆ ಜೀನಿನಲ್ಲಾದ ಬದಲಾವಣೆ, ವೈದ್ಯರು ಗುರುತಿಸುವಾಗ ಆದ ಹೆಚ್ಚುಕಡಿಮೆ, ಬರೀ ಆಕಸ್ಮಿಕ, ಎಲ್ಲ ಅಲ್ಲೇ ಇವೆ. ನನ್ನ ಅಂದಾಜಿನಲ್ಲಿ ಹೊರಗಿನ ಹೊಗೆಗಿಂತ ಈ ಒಳಗಿನ ಸಂಗತಿಗಳೇ ಜಾಸ್ತಿ.

ಮೊದಲು ಮಾಸು. ಹೊಟ್ಟೆಯಲ್ಲಿರುವ ಮಗುವಿಗೆ ನೀವು ಉಣ್ಣುವ ಊಟ ನೇರವಾಗಿ ಹೋಗುವುದಿಲ್ಲ, ಮಾಸಿನ ಮೂಲಕವೇ ಹೋಗಬೇಕು. ಒಂದು ಮಾಸು ಗರ್ಭಕೋಶದ ಒಳಗೋಡೆಯಲ್ಲಿ ರಕ್ತ ಚೆನ್ನಾಗಿ ಬರುವ ಜಾಗದಲ್ಲಿ ಬೇರೂರಿದ್ದರೆ, ಇನ್ನೊಂದಕ್ಕೆ ಅಷ್ಟು ಒಳ್ಳೆಯ ಜಾಗ ಸಿಗದಿರಬಹುದು. ಹೊಕ್ಕುಳಬಳ್ಳಿ ಮಾಸಿನ ನಡುವೆ ಸೇರುವ ಬದಲು ಅಂಚಿನಲ್ಲೋ ಬರೀ ಪೊರೆಯಲ್ಲೋ ಸೇರಿಕೊಳ್ಳಬಹುದು. ಅವಳಿಗಳಲ್ಲಿ ಇದು ಒಂಟಿ ಮಗುವಿಗಿಂತ ಜಾಸ್ತಿ. ಒಂದೇ ಮಾಸು ಹಂಚಿಕೊಂಡವರದ್ದು ಇನ್ನೊಂದು ಕಥೆ. ಅವರ ರಕ್ತನಾಳಗಳು ಮಾಸಿನೊಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅಂಥ ನೂರು ಬಸಿರುಗಳಲ್ಲಿ 10ರಿಂದ 15ರಲ್ಲಿ ಒಂದು ಮಗುವಿನ ರಕ್ತ ಇನ್ನೊಂದರ ಕಡೆಗೆ ಹರಿದುಹೋಗುವ ಗಂಭೀರ ತೊಂದರೆ ಆಗುತ್ತದೆ. ನಿಮ್ಮ ಮಾಸು ನಿಜವಾಗಿಯೂ ಎರಡಿದ್ದರೆ ಇದು ನಿಮಗೆ ಅನ್ವಯಿಸುವುದಿಲ್ಲ.

ನೀವು ಕೊಟ್ಟ ತೂಕ ನೋಡಿ. 2.3 ಮತ್ತು 1.8. ಅರ್ಧ ಕೆ.ಜಿ. ವ್ಯತ್ಯಾಸ ಎಂದರೆ ದೊಡ್ಡವನ ತೂಕದ ಶೇ. 20ಕ್ಕಿಂತ ಜಾಸ್ತಿ. ಒಂದೇ ತಾಯಿ, ಒಂದೇ ಊಟ, ಆದರೂ ಇಬ್ಬರಿಗೆ ಸಿಕ್ಕಿದ್ದು ಒಂದೇ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2012ರಲ್ಲಿ ಸ್ವೀಡನ್ನಿನ ಅವಳಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಹುಟ್ಟುವಾಗ ಕನಿಷ್ಠ 400 ಗ್ರಾಂ ಅಥವಾ ಶೇ. 15 ತೂಕದ ಅಂತರ ಇದ್ದು, ಒಬ್ಬರಿಗೆ ಮಾತ್ರ ಆಟಿಸಂ ಇದ್ದ ಜೋಡಿಗಳನ್ನು ಆಯ್ದುಕೊಂಡರು. ಅವರಲ್ಲಿ ಕಡಿಮೆ ತೂಕದ ಮಗುವಿಗೆ ಆಟಿಸಂ ಇರುವ ಸಂಭವ ಮೂರು ಪಟ್ಟಿಗಿಂತ ಜಾಸ್ತಿ ಇತ್ತು. ಜೋಡಿಗಳು ಇದ್ದದ್ದು 34 ಮಾತ್ರ, ಅದನ್ನೂ ನೆನಪಿಡಿ. ಕಡಿಮೆ ತೂಕವೇ ಆಟಿಸಂ ತರುತ್ತದೆ ಎಂದು ಇದರ ಅರ್ಥವಲ್ಲ. ತೂಕ ಕಡಿಮೆ ಮಾಡಿದ ಸಂಗತಿಯೇ ಮಿದುಳಿನ ಬೆಳವಣಿಗೆಯನ್ನೂ ಮುಟ್ಟಿರಬಹುದು. 1.8 ಕೆ.ಜಿ.ಗೆ ಹುಟ್ಟಿ ಯಾವ ತೊಂದರೆಯೂ ಇಲ್ಲದೆ ಬೆಳೆದ ಅವಳಿಗಳು ಲೆಕ್ಕವಿಲ್ಲದಷ್ಟಿದ್ದಾರೆ.

ಆಮೇಲೆ ಜೀನ್. ತದ್ರೂಪಿಗಳ ಜೀನ್ ಅಕ್ಷರಶಃ ಒಂದೇ ಎಂದುಕೊಂಡಿರುತ್ತೇವೆ. ಪೂರ್ತಿ ಹಾಗಲ್ಲ. ಐಸ್‌ಲೆಂಡಿನ ಸಂಶೋಧಕರು 2021ರಲ್ಲಿ ತೋರಿಸಿದ ಪ್ರಕಾರ, ಬೆಳವಣಿಗೆಯ ತೀರಾ ಮೊದಲ ಹಂತದಲ್ಲಾದ ಮ್ಯುಟೇಶನ್‌ಗಳಲ್ಲಿ (ಡಿಎನ್‌ಎಯಲ್ಲಿ ತಾನಾಗಿ ಆಗುವ ಬದಲಾವಣೆಗಳಲ್ಲಿ) ತದ್ರೂಪಿಗಳಿಗೆ ಸರಾಸರಿ 5ರಷ್ಟು ವ್ಯತ್ಯಾಸ ಇರುತ್ತದೆ. ಸುಮಾರು ಶೇ. 15 ಜೋಡಿಗಳಲ್ಲಿ ಇನ್ನೂ ಬಹಳ ಜಾಸ್ತಿ. ಬಹುಪಾಲು ಮ್ಯುಟೇಶನ್‌ಗಳಿಂದ ಏನೂ ಆಗುವುದಿಲ್ಲ. ಅಪರೂಪಕ್ಕೆ ಒಂದು, ಮಿದುಳಿಗೆ ಬೇಕಾದ ಜೀನಿನ ಮೇಲೆಯೇ ಬಿದ್ದರೆ, ಒಬ್ಬನಿಗೆ ತೊಂದರೆ, ಇನ್ನೊಬ್ಬನಿಗೆ ಇಲ್ಲ. ಇದನ್ನು ಯಾವ ತಾಯಿಯ ಯಾವ ಎಚ್ಚರಿಕೆಯೂ ತಡೆಯಲಾರದು.

ಹೊಟ್ಟೆಯೊಳಗೆ ಇಬ್ಬರಿಗೆ ಬೇರೆಬೇರೆ ಏನು ಸಿಕ್ಕಿತು ಎಂದು ವರ್ಷಗಳ ಮೇಲೆ ಕಂಡುಹಿಡಿಯುವುದು ಹೇಗೆ? ಇದಕ್ಕೊಂದು ಚೆಂದದ ದಾರಿ ಸಿಕ್ಕಿದೆ: ಹಾಲುಹಲ್ಲು. ಬಾಯಿಯ ಮುಂಭಾಗದ ಹಾಲುಹಲ್ಲುಗಳು ಮಗು ಹುಟ್ಟುವುದಕ್ಕೆ ತಿಂಗಳುಗಳ ಮುಂಚೆಯೇ ಪದರ ಪದರವಾಗಿ ಬೆಳೆಯಲು ಶುರುವಾಗಿರುತ್ತವೆ. ಆಯಾ ದಿನಗಳಲ್ಲಿ ರಕ್ತದಲ್ಲಿದ್ದ ಲೋಹದ ಅಂಶ ಆಯಾ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಹುಟ್ಟಿದ ದಿನದ ಏರುಪೇರು ಹಲ್ಲಿನೊಳಗೆ ಒಂದು ಗೆರೆಯಾಗಿ ಉಳಿದಿರುತ್ತದೆ. ಆ ಗೆರೆಯಿಂದ ಆಚೆಗಿನದು ಬಸಿರಿನ ದಾಖಲೆ, ಈಚೆಗಿನದು ಹುಟ್ಟಿದ ಮೇಲಿನದು. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜಿನ ಮನೀಶ್ ಅರೋರಾ ಮತ್ತು ಅವರ ಸಂಗಡಿಗರು ಸ್ವೀಡನ್ನಿನ ಅವಳಿಗಳ ಉದುರಿದ ಹಲ್ಲುಗಳನ್ನು ಲೇಸರಿನಿಂದ ಪದರ ಪದರವಾಗಿ ಓದಿದರು. ಅವರ 2017ರ ವರದಿಯ ಪ್ರಕಾರ, ಆಟಿಸಂ ಇದ್ದ ಮಕ್ಕಳ ಹಲ್ಲಿನಲ್ಲಿ ಕೆಲವು ನಿರ್ದಿಷ್ಟ ಅವಧಿಗಳಲ್ಲಿ ಮ್ಯಾಂಗನೀಸ್ ಮತ್ತು ಸತು ಕಡಿಮೆ, ಸೀಸ ಜಾಸ್ತಿ ಇತ್ತು.

ಇದನ್ನು ಓದಿದ ಕೂಡಲೇ ಸೀಸದಿಂದ ಆಟಿಸಂ ಎಂದು ತೀರ್ಮಾನಿಸುವವರು ಇದ್ದಾರೆ. ಮಕ್ಕಳ ಸಂಖ್ಯೆ ಚಿಕ್ಕದಿತ್ತು. ಜೊತೆಗೆ, ಸೀಸ ಹೊರಗಿನಿಂದ ಒಬ್ಬನಿಗೆ ಜಾಸ್ತಿ ಸಿಕ್ಕಿತೋ ಅಥವಾ ಇಬ್ಬರಿಗೂ ಸಮನಾಗಿ ಸಿಕ್ಕಿ ಒಬ್ಬನ ದೇಹ ಅದನ್ನು ಬೇರೆ ರೀತಿ ಸಂಭಾಳಿಸಿತೋ ಎಂದು ಹಲ್ಲು ಹೇಳುವುದಿಲ್ಲ. ಹಾಗಿದ್ದರೂ ಈ ದಾರಿಯ ಬಗ್ಗೆ ನನಗೆ ಆಸೆ ಇದೆ. ಎಷ್ಟು ಎನ್ನುವುದರ ಜೊತೆ ಯಾವಾಗ ಎನ್ನುವುದನ್ನೂ ಹೇಳುವ ಸಾಕ್ಷಿ ಈ ಕ್ಷೇತ್ರದಲ್ಲಿ ಅಪರೂಪ.

ಯಾವಾಗ ಎನ್ನುವುದು ಎಷ್ಟು ಮುಖ್ಯ ಎಂದು ಥಾಲಿಡೊಮೈಡ್ ತೋರಿಸಿತು. 1950ರ ದಶಕದ ಕೊನೆಗೆ ಗರ್ಭಿಣಿಯರ ವಾಕರಿಕೆಗೆ ಕೊಡುತ್ತಿದ್ದ ಮಾತ್ರೆ ಅದು. ಅದರಿಂದ ತೊಂದರೆಗೊಳಗಾದ ಸ್ವೀಡನ್ನಿನ 100 ಜನರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ 4 ಜನರಿಗೆ ಆಟಿಸಂ ಇತ್ತು. ನಾಲ್ವರ ತಾಯಂದಿರೂ ಅದನ್ನು ತಗೊಂಡದ್ದು ಗರ್ಭ ನಿಂತ ಮೇಲಿನ 20ರಿಂದ 24ನೇ ದಿನದ ಆಸುಪಾಸಿನಲ್ಲಿ. ಎಷ್ಟೋ ಹೆಂಗಸರಿಗೆ ಬಸಿರಾಗಿರುವುದೇ ಗೊತ್ತಿರದ ದಿನಗಳು.

ಹೊರಗಿನ ಕಾರಣಗಳಲ್ಲಿ ಗಟ್ಟಿ ಸಾಕ್ಷಿ ಇರುವುದು ಬೆರಳೆಣಿಕೆಯಷ್ಟಕ್ಕೆ. ವಾಲ್‌ಪ್ರೋಯೇಟ್ ಎನ್ನುವ ಫಿಟ್ಸ್ ಮಾತ್ರೆ ಒಂದು. ಡೆನ್ಮಾರ್ಕಿನ ಆರೂವರೆ ಲಕ್ಷ ಮಕ್ಕಳ ದಾಖಲೆಯಲ್ಲಿ, ಬಸಿರಿನಲ್ಲಿ ಅದನ್ನು ತಗೊಂಡವರ ಮಕ್ಕಳಿಗೆ ಆಟಿಸಂ ಸಾಧ್ಯತೆ ಶೇ. 4.4, ಒಟ್ಟಾರೆ ಮಕ್ಕಳಲ್ಲಿ ಶೇ. 1.5. (ಇದನ್ನು ಓದಿ ಯಾರೂ ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಬಸಿರಿನಲ್ಲಿ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಗರ್ಭ ಧರಿಸುವ ಮುಂಚೆಯೇ ವೈದ್ಯರ ಜೊತೆ ಮಾತಾಡಿ ಬದಲಿಸಿಕೊಳ್ಳಬೇಕು.) ರುಬೆಲ್ಲಾ ಎನ್ನುವ ವೈರಸ್ ಸೋಂಕು ಇನ್ನೊಂದು. 1964ರಲ್ಲಿ ಅಮೆರಿಕದಲ್ಲಿ ಹಬ್ಬಿದ ರುಬೆಲ್ಲಾದಿಂದ ಹೊಟ್ಟೆಯಲ್ಲೇ ಸೋಂಕು ತಗುಲಿದ 243 ಮಕ್ಕಳನ್ನು ಮಕ್ಕಳ ಮನೋವೈದ್ಯೆ ಸ್ಟೆಲ್ಲಾ ಚೆಸ್ ನೋಡಿದರು. 18 ಮಕ್ಕಳಲ್ಲಿ ಪೂರ್ತಿ ಅಥವಾ ಭಾಗಶಃ ಆಟಿಸಂ ಇತ್ತು. ಆ ಕಾಲಕ್ಕೆ ಅದು ಬಹಳ ದೊಡ್ಡ ಸಂಖ್ಯೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ಹೆದರಿಸುವವರಿಗೆ ಇದನ್ನು ಹೇಳಬೇಕು. ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿಲ್ಲ ಎಂದು ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ 2019ರ ಡೆನ್ಮಾರ್ಕ್ ಅಧ್ಯಯನ ಸ್ಪಷ್ಟವಾಗಿ ತೋರಿಸಿದೆ. ಬದಲಿಗೆ, ಬಸಿರಿಗೆ ಮುಂಚೆ ಹಾಕಿಸಿಕೊಂಡ ಆ ಲಸಿಕೆ ಆಟಿಸಂಗೆ ಕಾರಣವಾಗಬಲ್ಲ ಒಂದು ಸೋಂಕನ್ನೇ ತಡೆಯುತ್ತದೆ.

ನಿಮ್ಮ ಜ್ವರ. ಬಸಿರಿನಲ್ಲಿ ಜೋರು ಜ್ವರಕ್ಕೂ ಆಟಿಸಂಗೂ ಸಣ್ಣ ನಂಟು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ, ಜ್ವರ ಇಳಿಸುವ ಔಷಧಿ ತಗೊಂಡ ತಾಯಂದಿರಲ್ಲಿ ಆ ನಂಟು ತಗ್ಗಿತ್ತು. ಅಂದರೆ ನೀವು ಮಾತ್ರೆ ತಗೊಂಡದ್ದು ಸರಿಯಾದ ಕೆಲಸವೇ. ಬಸಿರಿನಲ್ಲಿ ಪ್ಯಾರಾಸಿಟಮಾಲ್ ತಗೊಂಡರೆ ಆಟಿಸಂ ಬರಬಹುದು ಎಂದು 2025ರಲ್ಲಿ ಅಮೆರಿಕ ಸರ್ಕಾರ ಎಬ್ಬಿಸಿದ ಗದ್ದಲ ನಿಮ್ಮ ಕಿವಿಗೂ ಬಿದ್ದಿರಬಹುದು. ಅದಕ್ಕೆ ಒಂದು ವರ್ಷ ಮುಂಚೆಯೇ ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳನ್ನು ನೋಡಿದ್ದರು. ಸುಮ್ನೆ ಹೋಲಿಸಿದಾಗ ಸಣ್ಣ ವ್ಯತ್ಯಾಸ ಕಂಡಿತು. ಒಂದೇ ತಾಯಿಯ ಒಂದು ಬಸಿರಿನಲ್ಲಿ ಮಾತ್ರೆ ತಗೊಂಡು ಇನ್ನೊಂದರಲ್ಲಿ ತಗೊಳ್ಳದೆ ಹುಟ್ಟಿದ ಅಣ್ಣ ತಂಗಿಯರನ್ನು ಹೋಲಿಸಿದಾಗ ಆ ವ್ಯತ್ಯಾಸ ಮಾಯವಾಯಿತು. ಮಾತ್ರೆಯದ್ದೇ ಕೆಲಸ ಆಗಿದ್ದರೆ ಅದು ಉಳಿಯಬೇಕಿತ್ತು.

ರಸ್ತೆಯ ಹೊಗೆಯನ್ನು ನಾನು ತಳ್ಳಿಹಾಕುವುದಿಲ್ಲ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಗಾಳಿಯಲ್ಲಿನ ಸೂಕ್ಷ್ಮ ಕಣಗಳು ಜಾಸ್ತಿ ಇದ್ದ ಕಡೆ ಆಟಿಸಂ ಸ್ವಲ್ಪ ಜಾಸ್ತಿ ಎಂದು ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಆದರೆ ಒಂದು ಮನೆಯ ಒಂದು ಮಗುವಿನ ಕಾರಣ ಎಂದು ಬೆರಳು ತೋರಿಸುವಷ್ಟು ದೊಡ್ಡ ಪರಿಣಾಮವಲ್ಲ ಅದು. ಐವಿಎಫ್ ವಿಷಯಕ್ಕೆ ಬಂದರೆ, ಸ್ವೀಡನ್ನಿನ 2013ರ ಅಧ್ಯಯನದಲ್ಲಿ 25 ಲಕ್ಷ ಮಕ್ಕಳ ದಾಖಲೆ ನೋಡಿದಾಗ ಒಟ್ಟಾರೆ ಐವಿಎಫ್‌ನಿಂದ ಆಟಿಸಂ ಹೆಚ್ಚಾಗಿರಲಿಲ್ಲ. ಅವಧಿಗೆ ಮುಂಚಿನ ಹೆರಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದರಲ್ಲೂ ಬಹಳ ಮುಂಚೆ ಹುಟ್ಟಿದವರಲ್ಲಿ. 35 ವಾರ ಅವಳಿಗಳಿಗೆ ತೀರಾ ಮುಂಚೆ ಏನಲ್ಲ.

ಈಗ ಮಾಡಬೇಕಾದ್ದು. ಚಿಕ್ಕವನ ಮಾತಿನ ತರಬೇತಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳ ತರಬೇತಿ) ಶುರುವಾಗಿಲ್ಲದಿದ್ದರೆ ಕಾರಣ ಸಿಗಲಿ ಎಂದು ಕಾಯಬೇಡಿ. ಕಾರಣ ಸಿಕ್ಕರೂ ತರಬೇತಿ ಹೆಚ್ಚಾಗಿ ಅದೇ ಇರುತ್ತದೆ. ಅವನ ಕಿವಿ ಪರೀಕ್ಷೆ ಆಗಿದೆಯಾ? ಕರೆದರೆ ತಿರುಗದ ಪ್ರತಿ ಮಗುವಿಗೂ ಅದು ಆಗಲೇಬೇಕು. ಜೀನ್‌ಗಳಲ್ಲಿ ಏನಾದರೂ ಏರುಪೇರು ಇದೆಯಾ ಎಂದು ನೋಡುವ ಕ್ರೋಮೋಸೋಮಲ್ ಮೈಕ್ರೊಅರೇ ಮತ್ತು ಫ್ರಜೈಲ್ ಎಕ್ಸ್ ಪರೀಕ್ಷೆಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಹೆಚ್ಚಿನ ಮಕ್ಕಳಲ್ಲಿ ಏನೂ ಸಿಗುವುದಿಲ್ಲ. ಸಿಕ್ಕಿದರೆ ಮುಂದಿನ ಮಗುವಿನ ಬಗ್ಗೆ ಸ್ಪಷ್ಟವಾಗಿ ಮಾತಾಡಬಹುದು.

ಕೂದಲು ಕಳಿಸಿ, ಲೋಹ ಎಷ್ಟಿದೆ ಹೇಳುತ್ತೇವೆ, ದೇಹದಿಂದ ಲೋಹ ತೆಗೆಯುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಹಲ್ಲಿನ ಸಂಶೋಧನೆಯನ್ನು ತೋರಿಸಿಯೇ ಅವರು ನಿಮ್ಮನ್ನು ನಂಬಿಸಬಹುದು. 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ 5 ವರ್ಷದ ಹುಡುಗನೊಬ್ಬ ಇಂಥ ಚಿಲೇಷನ್ ಚಿಕಿತ್ಸೆಯಿಂದ ರಕ್ತದ ಕ್ಯಾಲ್ಸಿಯಂ ಕುಸಿದು ಸತ್ತುಹೋದ. ಮಗು ಮಣ್ಣು, ಗೋಡೆಯ ಬಣ್ಣ ತಿನ್ನುತ್ತಿದ್ದರೆ ಮಾತ್ರ ರಕ್ತದಲ್ಲಿ ಸೀಸದ ಪ್ರಮಾಣ ನೋಡಿಸಿ. ಅದು ಸರಿಯಾದ ಪರೀಕ್ಷೆ.

ಮುಂದೆ ಇನ್ನೊಂದು ಮಗು ಬೇಕು ಅನ್ನಿಸಿದರೆ, ಗರ್ಭ ಧರಿಸುವ ಕನಿಷ್ಠ ಒಂದು ತಿಂಗಳ ಮುಂಚಿನಿಂದಲೇ ಫೋಲಿಕ್ ಆಸಿಡ್ ಶುರುಮಾಡಿ. ನಾರ್ವೆಯ 85 ಸಾವಿರ ಮಕ್ಕಳಲ್ಲಿ, ಹಾಗೆ ತಗೊಂಡ ತಾಯಂದಿರ ಮಕ್ಕಳಿಗೆ ತೀವ್ರ ರೂಪದ ಆಟಿಸಂ ಶೇ. 0.10, ತಗೊಳ್ಳದವರ ಮಕ್ಕಳಿಗೆ ಶೇ. 0.21 ಇತ್ತು. ಹೇಗೂ ಮಗುವಿನ ಬೆನ್ನುಹುರಿಗೆ ಅದು ಬೇಕೇಬೇಕು. ರುಬೆಲ್ಲಾ ರಕ್ಷಣೆ ಇದೆಯಾ ಎಂದು ಮೊದಲೇ ನೋಡಿಸಿಕೊಳ್ಳಿ. ಆ ಲಸಿಕೆಯನ್ನು ಬಸಿರಾದ ಮೇಲೆ ಹಾಕುವಂತಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಮುಂಚೆಯೇ ಹತೋಟಿಗೆ ತಂದುಕೊಳ್ಳಿ.

ಆದರೆ ಇವೆಲ್ಲಕ್ಕಿಂತ ಮೊದಲು ದೊಡ್ಡವನನ್ನು ಕರೆದುಕೊಂಡು ಹೋಗಿ. ಚಿಕ್ಕವನನ್ನು ನೋಡಿದವರೇ ನೋಡಿದರೆ ಒಳ್ಳೆಯದು, ತಮ್ಮನಿಲ್ಲದ ದಿನ, ಅವನೊಬ್ಬನನ್ನೇ. ತಮ್ಮನ ಪಕ್ಕದಲ್ಲಿ ಕೂರಿಸಿದರೆ ಎಂಥ ಮಗುವೂ ಚೂಟಿಯಾಗಿಯೇ ಕಾಣುತ್ತದೆ. ಹೋಗುವಾಗ ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ, ಬಸಿರಿನ ಸ್ಕ್ಯಾನ್ ವರದಿಗಳು, ಐವಿಎಫ್ ಕಾಗದ, ಮೂರನ್ನೂ ತಗೊಂಡು ಹೋಗಿ. 11ರಿಂದ 14ನೇ ವಾರದ ಸ್ಕ್ಯಾನ್ ವರದಿಯಲ್ಲಿ ಮಾಸಿನ ಬಗ್ಗೆ ಬರೆದಿದ್ದರೆ, ಹೆರಿಗೆಯ ಹೊತ್ತಿನಲ್ಲಿ ಯಾರೋ ಹೇಳಿದ ಮಾತಿಗಿಂತ ಅದನ್ನೇ ನಂಬಬಹುದು.